ಪಾವಗಡದ ದನಿ

"ಪಾವಗಡ ಕೊಡ್ತಿದೀನಿ ಕಣಮ್ಮ, ತಗೋ" ಎಂದು ಮಧುಗಿರಿಯಿಂದ ಶಿವರುದ್ರಮ್ಮ ಹೇಳಿದರೆ ಸಾಕು, ಸಿರಾದಲ್ಲಿ ಕೂತ ಗುಲ್ಷನ್‌ಳ ಅಂಗೈ ಬೆವರುತ್ತಿತ್ತು. ಕೈಯಲ್ಲಿದ್ದ ಪ್ಲಗ್ಗನ್ನು ಸೀರೆಯ ಸೆರಗಿಗೆ ಒರೆಸಿಕೊಂಡು, ಅವಳು ಆ ದನಿಗಾಗಿ ಕಾಯುತ್ತಿದ್ದಳು.

ಎಪ್ಪತ್ತೊಂಬತ್ತರ ಬೇಸಿಗೆ ಅದು. ಸಿರಾದ ಟೆಲಿಫೋನ್ ಎಕ್ಸ್‌ಚೇಂಜ್ ಎಂದರೆ ಒಂದು ಬಾಡಿಗೆ ಮನೆಯ ನಡುಕೋಣೆ. ಗೋಡೆಗೆ ಒರಗಿಸಿದ ಮರದ ಬೋರ್ಡಿನ ತುಂಬ ಸಣ್ಣ ಸಣ್ಣ ತೂತುಗಳು, ಪ್ರತಿ ತೂತಿನ ಮೇಲೂ ಒಂದು ಹಿತ್ತಾಳೆ ಬಿಲ್ಲೆ. ಊರಲ್ಲಿ ಯಾರಾದರೂ ಫೋನಿನ ಹಿಡಿ ತಿರುಗಿಸಿದರೆ ಅವರ ಬಿಲ್ಲೆ ಟಕ್ಕೆಂದು ಬೀಳುತ್ತಿತ್ತು. ಗುಲ್ಷನ್ ಪ್ಲಗ್ ಚುಚ್ಚಿ "ನಂಬರ್ ಹೇಳಿ" ಎನ್ನಬೇಕು. ಪರ ಊರಿನ ಕರೆಯಾದರೆ ಮೊದಲು ಮಧುಗಿರಿಯನ್ನು ಕೇಳಬೇಕು. ಸಿರಾ, ಕೊರಟಗೆರೆ, ಪಾವಗಡ ಮೂರರ ತಂತಿಯೂ ಹೋಗಿ ಸೇರುತ್ತಿದ್ದದ್ದು ಮಧುಗಿರಿಯ ಬೋರ್ಡಿಗೆ, ಅಂದರೆ ಶಿವರುದ್ರಮ್ಮನ ಕೈಗೆ.

ಆ ನಾಲ್ಕು ಊರಿನ ಆಪರೇಟರುಗಳು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆದರೆ ದಿನವಿಡೀ ಕಿವಿಗೆ ಕಿವಿ ಅಂಟಿಸಿಕೊಂಡೇ ಇರುತ್ತಿದ್ದರು. ಹೆಸರಿಗಿಂತ ಊರಿನಿಂದಲೇ ಕರೆದುಕೊಳ್ಳುವುದು ರೂಢಿ: "ಏನ್ ಕೊರಟಗೆರೆ, ಊಟ ಆಯ್ತಾ?" "ಸಿರಾ, ನೆಗಡಿ ವಾಸಿಯಾಯ್ತೇನಮ್ಮ?" ಮಧ್ಯಾಹ್ನ ಊಟದ ಹೊತ್ತಿಗೆ ಕರೆಗಳು ಕಡಿಮೆಯಾದಾಗ ಶಿವರುದ್ರಮ್ಮ ನಾಲ್ಕೂ ತಂತಿಗಳನ್ನು ಒಟ್ಟಿಗೆ ಸೇರಿಸಿಬಿಡುತ್ತಿದ್ದರು. ಅದು ನಿಯಮಕ್ಕೆ ವಿರುದ್ಧ. ಆದರೂ ಆ ಅರ್ಧ ಗಂಟೆ ಒಂದೇ ಜಗಲಿಯ ಮೇಲೆ ಕೂತ ಹಾಗೆ ಇರುತ್ತಿತ್ತು. ಶಿವರುದ್ರಮ್ಮ ವಯಸ್ಸಾದವರು, ಇಲಾಖೆಯಲ್ಲೇ ಕೂದಲು ಬೆಳ್ಳಗಾದವರು. ಕೊರಟಗೆರೆಯ ಸಣ್ಣರಂಗಯ್ಯನಿಗೆ ಬುರುಡೆ ಬಿಡುವ ಚಟ. ಕೊಳಾಲದ ಹತ್ತಿರ ಚಿರತೆಯೊಂದು ಬಸ್ಸು ಹತ್ತಿ ಸೀಟು ಹಿಡಿದು ಕೂತಿತ್ತೆಂದು ಸ್ವಲ್ಪವೂ ನಗದೆ, ಸಾವಿನ ಸುದ್ದಿ ಹೇಳುವವನ ದನಿಯಲ್ಲಿ ಹೇಳುತ್ತಿದ್ದ. ಶಿವರುದ್ರಮ್ಮ ನಕ್ಕ ಮೇಲೆಯೇ ಗುಲ್ಷನ್‌ಗೆ ಅದು ತಮಾಷೆಯೆಂದು ಗೊತ್ತಾಗುತ್ತಿತ್ತು.

ಪಾವಗಡದ ಹಳೆಯ ಆಪರೇಟರು ನಿವೃತ್ತರಾಗಿ, ಅವರ ಜಾಗಕ್ಕೆ ಜುಂಜಪ್ಪ ಬಂದದ್ದು ಯುಗಾದಿ ಕಳೆದ ಮೇಲೆ. ಮೊದಲ ದಿನವೇ ಶಿವರುದ್ರಮ್ಮ ಅಕ್ಕರೆಯಿಂದ ಮಾತಾಡಿಸಿದರು.

"ಹೊಸಬರೇನಪ್ಪ? ಹೆಸರೇನು?"

"ಪಾವಗಡ. ಹೇಳು."

"ಹೆಸರು ಕೇಳ್ದೆ ಕಣಪ್ಪ."

"ಹೆಸ್ರು ಯಾತಕ್ಕೆ? ನಂಬರ್ ಹೇಳು."

ತಂತಿಯಲ್ಲಿದ್ದ ಮೂವರೂ ಸುಮ್ಮನಾದರು. ಶಿವರುದ್ರಮ್ಮನನ್ನು ಏಕವಚನದಲ್ಲಿ ಕರೆದವರನ್ನು ಗುಲ್ಷನ್ ಅದುವರೆಗೆ ಕೇಳಿರಲಿಲ್ಲ. ಆಮೇಲೆ ಸಣ್ಣರಂಗಯ್ಯ ಎಲ್ಲೆಲ್ಲಿಂದಲೋ ವಿಷಯ ಸಂಗ್ರಹಿಸಿ ತಂದ. ಪಾವಗಡದ ಕಡೆಯ ಗೊಲ್ಲರಹಟ್ಟಿಯವನು. ಬಹಳ ವರ್ಷ ಮಿಲಿಟರಿಯಲ್ಲಿದ್ದು, ಅಲ್ಲಿ ಫೋನು ತಂತಿ ಕೆಲಸವನ್ನೇ ಮಾಡಿ ಬಂದವನು. ವಿಷಯ ಅಷ್ಟೇ. ಆದರೆ ದಿನ ಕಳೆದಂತೆ ತೆಲುಗು ಬೆರೆತ ಆ ದನಿ ಎಲ್ಲರನ್ನೂ ಕುಕ್ಕತೊಡಗಿತು. "ಬೇಗ." "ಮತ್ತೆ ಹೇಳು." "ಏಮಿ? ನಿದ್ದೆ ಮಾಡ್ತಿದೀರಾ?" ಕೆಲಸ ಮುಗಿದ ಕ್ಷಣ ಟಕ್ಕೆಂದು ತಂತಿ ಬಿಡುವುದು. ಹೋಗಿ ಬರ್ತೀನಿ ಎನ್ನುವ ಮಾತೇ ಇಲ್ಲ.

"ಅವನಿಗೆ ನಾವು ಬೇಡ ಅಂದ್ರೆ ನಮಗೂ ಅವನು ಬೇಡ" ಎಂದರು ಶಿವರುದ್ರಮ್ಮ. ಅಂದಿನಿಂದ ಮಧ್ಯಾಹ್ನದ ಜಗಲಿಗೆ ಪಾವಗಡದ ಪ್ಲಗ್ಗು ಸೇರಲಿಲ್ಲ. ಅವನೊಂದಿಗೆ ನಂಬರ್ ಬಿಟ್ಟು ಬೇರೆ ಮಾತನ್ನು ಯಾರೂ ಆಡಲಿಲ್ಲ.

ಗುಲ್ಷನ್‌ಗೆ ಮಾತ್ರ ಅವನ ಕಾಟ ತಪ್ಪಲಿಲ್ಲ. ಪಾವಗಡದ ಕಡಲೆಕಾಯಿ ಮಂಡಿಯವರಿಗೂ ಸಿರಾದ ಎಣ್ಣೆ ಗಾಣದವರಿಗೂ ದಿನವೂ ವ್ಯವಹಾರ. ಹೊತ್ತು ಹೊತ್ತಿಗೂ ಕರೆ. ಅವಳ ದನಿ ಮೊದಲೇ ಮೆತ್ತಗೆ. ಕಿಲ್ಲೆಯ ಹತ್ತಿರದ ಅವರ ಮನೆಯಲ್ಲಿ ಹೆಣ್ಣುಮಕ್ಕಳು ಪಕ್ಕದ ಮನೆಗೆ ಕೇಳುವಂತೆ ಮಾತಾಡಿದರೆ ಅಮ್ಮ ಸಾಬೀರಾ ತುಟಿಯ ಮೇಲೆ ಬೆರಳಿಡುತ್ತಿದ್ದಳು. ಈಗ ತಂತಿಯಲ್ಲಿ ಈ ಗಂಡಸು ಕಿರುಚುತ್ತಿದ್ದ: "ಸಿರಾ! ಬಾಯ್ ಬುಡು! ಬಾಯಾಗೆ ಏನ್ ಇಟ್ಕಂಡಿದ್ದೀಯ?" ಅವನು ಕಿರುಚಿದಷ್ಟೂ ಅವಳ ದನಿ ಇಳಿಯುತ್ತಿತ್ತು. ದನಿ ಇಳಿದಷ್ಟೂ ಅವನು ಇನ್ನಷ್ಟು ಕಿರುಚುತ್ತಿದ್ದ. ಕೆಲವೊಮ್ಮೆ ಕಿವಿಯ ಮೇಲಿನ ತಟ್ಟೆಯನ್ನು ಎತ್ತಿ ದೂರ ಹಿಡಿದು, ಕಣ್ಣು ಮುಚ್ಚಿ, ಅವನ ಸಿಟ್ಟು ಖರ್ಚಾಗುವ ತನಕ ಕಾಯುತ್ತಿದ್ದಳು.

ಒಂದು ಶುಕ್ರವಾರ ಮಧ್ಯಾಹ್ನ ಕೊರಟಗೆರೆ ಮತ್ತು ಸಿರಾ ಜಗಲಿ ಸೇರಿದ್ದಾಗಲೇ ಪಾವಗಡದಿಂದ ಅವಸರದ ಕರೆ ಬಂತು. ಶಿವರುದ್ರಮ್ಮ ಅವನನ್ನು ಸಿರಾಕ್ಕೆ ಕೊಟ್ಟು, ಬೇರೊಂದು ಕರೆ ನೋಡಲು ಹೋದರು. ಕೊರಟಗೆರೆಯ ತಂತಿಯನ್ನು ತೆಗೆಯುವುದು ಮರೆತರು.

"ಸಿರಾ, ಗಾಣದ ನಂಬರ್ ಕೊಡು."

"ಬ್ಯುಸಿ ಇದೆ ಸಾರ್."

"ಏಮೀ?"

"ಬ್ಯುಸಿ..."

"ಜೋರಾಗಿ! ಸತ್ತೋರಂಗೆ ಮಾತಾಡ್ಬೇಡ!"

ಗುಲ್ಷನ್ ಮತ್ತೊಮ್ಮೆ ಅದನ್ನೇ ಹೇಳಿದಳು. ಆ ಕಡೆ ಒಂದು ಕ್ಷಣ ಬರೀ ಸೊಂಯ್ ಎನ್ನುವ ಸದ್ದು. ಆಮೇಲೆ ಅವನ ದನಿ ಇದ್ದಕ್ಕಿದ್ದಂತೆ ತಗ್ಗಿತು. ತಗ್ಗಿದ್ದೇ ಅವಳಿಗೆ ಇನ್ನೂ ಭಯವಾಯಿತು.

"ಇಂಗಾದ್ರೆ ಆಗಾಕಿಲ್ಲ. ಮಂಗಳವಾರ ಸಂತೆಗೆ ಸಿರಾಕ್ಕೆ ಬತ್ತೀನಿ. ನಾನೇ ನೋಡ್ಕಂತೀನಿ."

ಟಕ್. ತಂತಿ ಸತ್ತಿತು.

"ಅಯ್ಯಯ್ಯೋ" ಎಂದ ದನಿ ಕೊರಟಗೆರೆಯದು. "ಸಿರಾ, ಕೇಳಿಸ್ಕೊಂಡ್ಯಾ? ಮಂಗಳವಾರ ಬಾಗಿಲಿಗೆ ಅಗಳಿ ಹಾಕ್ಕೋ ತಾಯಿ. ಆ ಮನುಷ್ಯ ಮಿಲಿಟರೀಲಿ ಮೇಲಿನ ಸಾಹೇಬನ ಕೈ ಮುರಿದು ಆಚೆ ಬಂದೋನಂತೆ. ಅದೂ ಯಾಕೆ ಗೊತ್ತಾ? ಸಾಹೇಬ ಮೆತ್ತಗೆ ಮಾತಾಡಿದ್ನಂತೆ." ಅಷ್ಟರಲ್ಲಿ ಅವನ ಬೋರ್ಡಿನಲ್ಲಿ ಬಿಲ್ಲೆ ಬಿದ್ದಿರಬೇಕು. "ಇರು, ಬಂದೆ" ಎಂದು ಹೋದವನು ಮತ್ತೆ ಬರಲಿಲ್ಲ. ನಗಲು ಶಿವರುದ್ರಮ್ಮನೂ ತಂತಿಯಲ್ಲಿರಲಿಲ್ಲ.

ಸಂಜೆ ಗುಲ್ಷನ್ ಶಿವರುದ್ರಮ್ಮನಿಗೆ ಹೇಳಿದಳು. "ಅಕ್ಕ, ಅವರು ಮಂಗಳವಾರ ಬರ್ತಾರಂತೆ. ನೋಡ್ಕೋತೀನಿ ಅಂದ್ರು."

"ಬಂದು ಏನ್ ಮಾಡ್ತಾನೆ? ಸರ್ಕಾರಿ ಆಫೀಸು. ಹೆದ್ರಬೇಡ" ಎಂದರು ಶಿವರುದ್ರಮ್ಮ. ಆದರೆ ಮಾತಿನ ಮಧ್ಯೆ ಒಂದು ತಡೆ ಇತ್ತು. ಗುಲ್ಷನ್ ಆ ತಡೆಯನ್ನೇ ಮನೆಗೆ ಹೊತ್ತುಕೊಂಡು ಹೋದಳು. ಯಾಕಪ್ಪ ಬರ್ತೀಯ ಎಂದು ಜುಂಜಪ್ಪನನ್ನೇ ಒಂದು ಮಾತು ಕೇಳಬಹುದು ಎಂದು ಶಿವರುದ್ರಮ್ಮನಿಗೂ ಹೊಳೆಯಿತು. ಹೊಳೆದರೂ, ಹೆಸರು ಹೇಳದವನನ್ನು ತಾನಾಗಿ ಮಾತಾಡಿಸುವುದೇ ಎಂದು ಬಿಟ್ಟುಬಿಟ್ಟರು.

ಗುಲ್ಷನ್ ರಾತ್ರಿ ಊಟ ಬಿಟ್ಟಳು. ಅಬ್ಬಾ ಕರೀಮ್ ಸಾಬ್‌ಗೆ ಹೇಳುವಂತಿರಲಿಲ್ಲ. ನೆಂಟರೆಲ್ಲ ಬೇಡವೆಂದರೂ ಅವಳನ್ನು ಕೆಲಸಕ್ಕೆ ಕಳಿಸಿದವರು ಅವರು. ಯಾವನೋ ಗಂಡಸು ಮಗಳನ್ನು ಹುಡುಕಿಕೊಂಡು ಬರ್ತಾನೆ ಎಂದು ಗೊತ್ತಾದರೆ ಬೆಳಗ್ಗೆ ಅವಳು ಮನೆಯಲ್ಲೇ ಉಳಿಯಬೇಕಾಗುತ್ತಿತ್ತು. ಶನಿವಾರ, ಭಾನುವಾರ ಬೀದಿಯಲ್ಲಿ ಹೋಗುವಾಗ ಎತ್ತರದ ಗಂಡಸು ಯಾರು ಎದುರಾದರೂ ಮೈ ಜುಮ್ಮೆನ್ನುತ್ತಿತ್ತು. ಅವನ ಮುಖ ಅವಳಿಗೆ ಗೊತ್ತಿರಲಿಲ್ಲ. ಹಾಗಾಗಿ ಎಲ್ಲ ಮುಖವೂ ಅವನದೇ ಆಗಬಹುದಿತ್ತು. ಎಕ್ಸ್‌ಚೇಂಜಿನ ಬಾಗಿಲಿಗೆ ಬೆನ್ನು ಕೊಟ್ಟು ಕೂರುವುದು ಅವಳ ಕೆಲಸ. ಬೋರ್ಡು ಇದ್ದದ್ದೇ ಹಾಗೆ. ಹಿಂದೆ ಬಾಗಿಲು ಕಿರ್ರೆಂದಾಗಲೆಲ್ಲ ಪ್ಲಗ್ ತಪ್ಪಾದ ತೂತಿಗೆ ಹೋಗುತ್ತಿತ್ತು.

ಸೋಮವಾರ ಅಣ್ಣ ನಿಯಾಜ್ ಅಹಮದ್‌ಗೆ ತಿಳಿಯಿತು. ನಿಯಾಜ್ ಬಸ್ ಸ್ಟ್ಯಾಂಡಿನ ಪಕ್ಕ ಬೀಗ, ಸ್ಟೌ ರಿಪೇರಿ ಮಾಡುತ್ತಿದ್ದ. ಸಣಕಲು ಮೈ. ಜಗಳವೆಂದರೆ ಅಂಗಡಿಯ ಬಾಗಿಲೆಳೆದು ಒಳಗೆ ಕೂರುವವನು. ತಂಗಿ ಬಂದು, "ನಾಳೆ ನನ್ನ ಕೆಲಸಕ್ಕೆ ಬಿಟ್ಟು ಬಾ ಭಾಯ್" ಎಂದಾಗಲೇ ಅವನಿಗೆ ಏನೋ ಇದೆಯೆಂದು ಅನಿಸಿತು. ಕೆದಕಿ ಕೇಳಿದ. ಅವಳು ಅಳುತ್ತಾ ಎಲ್ಲ ಹೇಳಿದಳು. ಸಾಹೇಬನ ಕೈ ಮುರಿದದ್ದನ್ನೂ ಹೇಳಿದಳು.

ಮಂಗಳವಾರ ಬೆಳಗ್ಗೆ ಎಕ್ಸ್‌ಚೇಂಜಿನ ಮೆಟ್ಟಿಲ ತನಕ ಬಂದ ನಿಯಾಜ್, "ನೀನು ಒಳಗೆ ಕೂತ್ಕೋ. ಬಸ್ ಸ್ಟ್ಯಾಂಡಲ್ಲಿ ನಾವು ಇರ್ತೀವಿ" ಎಂದ. ಅವನ ಹಿಂದೆ ಇಬ್ಬರು ಗೆಳೆಯರು. ಅವನ ಬಟ್ಟೆ ಚೀಲದಿಂದ ನಟ್ಟು ಬಿಚ್ಚುವ ದೊಡ್ಡ ಪಾನಾದ ತುದಿ ಹೊರಗೆ ಇಣುಕುತ್ತಿತ್ತು. ಬೇಡ ಎನ್ನಬೇಕೆಂದು ಗುಲ್ಷನ್‌ಗೆ ಅನಿಸಿತು. ಎನ್ನಲಿಲ್ಲ. ನಾಲ್ಕು ದಿನದ ಮೇಲೆ ಮೊದಲ ಸಲ ಅವಳ ಎದೆ ಸ್ವಲ್ಪ ಹಗುರವಾಗಿತ್ತು.

ಮಧ್ಯಾಹ್ನಕ್ಕೆ ಮುಂಚೆ ಮಧುಗಿರಿಯ ಬಿಲ್ಲೆ ಬಿತ್ತು. ಶಿವರುದ್ರಮ್ಮನ ದನಿಯಲ್ಲಿ ಅವಳು ಎಂದೂ ಕೇಳದ ಗಲಿಬಿಲಿ.

"ಗುಲ್ಷನ್, ಅವನು ಇಲ್ಲಿಗೆ ಬಂದಿದ್ದ ಕಣಮ್ಮ. ಬಸ್ಸು ಬದಲಾಯಿಸೋಕೆ ಮಧುಗಿರೀಲಿ ಇಳಿದೋನು, ನನ್ನ ನೋಡೋಣ ಅಂತ ಬಂದ. ಚಪ್ಪಲಿ ಆಚೆ ಬಿಟ್ಟು ಬಾಗಿಲಲ್ಲೇ ನಿಂತ್ಕೊಂಡ. ಅದೇ ಒರಟು ದನಿ. 'ನೀನೇನಾ ಅಕ್ಕ?' ಅಂತ ಕಾಲಿಗೆ ಬಿದ್ದ. ನಂಗೆ ಏನ್ ಹೇಳ್ಬೇಕೋ ತಿಳೀಲಿಲ್ಲ."

"ಅವರು ಈಗ ಎಲ್ಲಿ ಅಕ್ಕ?"

"ಕೇಳು ಇಲ್ಲಿ. ನಿನ್ನ ಎದೆ ಮೇಲೆ ತೂಗುಹಾಕ್ಕೋತೀಯಲ್ಲ, ಮಾತಾಡೋ ಕೊಳವೆ, ಅದು ಕೆಟ್ಟಿದೆಯಂತೆ. ನಿನ್ನ ಮಾತು ಪಾವಗಡದ ತನಕ ಹೋಗ್ತಾನೇ ಇಲ್ಲವಂತೆ, ಬರೀ ಗೊರಗೊರ. ನಮಗೆ ನಿನ್ನ ದನಿ ರೂಢಿ, ಆ ಗೊರಗೊರದಲ್ಲೂ ಮಾತು ತಿಳೀತಿತ್ತು. 'ಆ ಹುಡ್ಗಿ ಮೂರು ಸಲ ರಿಪೇರಿಗೆ ಹೇಳಿರ್ತಾಳೆ, ಯಾರೂ ಬಂದಿರಲ್ಲ, ಪಾಪ, ನಾನೇ ಹೋಗಿ ನೋಡ್ಕಂತೀನಿ' ಅಂದ. ಪಾವಗಡದ ಹಳೇ ಸೆಟ್ಟಿಂದ ಒಂದು ಬಿಚ್ಚಿ, ಕರ್ಚೀಫಲ್ಲಿ ಸುತ್ಕೊಂಡು ಬಂದಿದಾನೆ. ನಾವು ಏನೇನೋ ತಿಳ್ಕೊಂಡ್ವಿ ಕಣಮ್ಮ. ಅವನು ಹತ್ತಿದ ಬಸ್ಸು ಆಗ್ಲೇ ಹೊರಟ್ತು. ಸಂತೆ ದಿನ, ಕರೆ ಮೇಲೆ ಕರೆ, ನಿಂಗೆ ಹೇಳೋಕೆ ಬಿಡುವೇ ಆಗ್ಲಿಲ್ಲ. ಈಗ ಸಿರಾ ಸೇರೋ ಹೊತ್ತು."

ಗುಲ್ಷನ್ ಕೇಳಿಸಿಕೊಂಡಳು. ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಪಾನಾದ ತುದಿ ಕಣ್ಣ ಮುಂದೆ ಬಂತು. ನಾಲ್ಕು ದಿನದಿಂದ ತನಗೆ ಏನಾಗುತ್ತದೋ ಎಂದಿದ್ದ ಭಯ ಒಂದೇ ಕ್ಷಣದಲ್ಲಿ ತಿರುಗಿ ನಿಂತಿತು.

"ಅಕ್ಕ, ನಮ್ಮ ಭಾಯ್ ಅಲ್ಲಿ ಕಾಯ್ತಿದ್ದಾನೆ. ಹೊಡೆಯೋಕೆ."

"ಹೇಗಾದ್ರೂ ತಡೀ" ಎಂದರು ಶಿವರುದ್ರಮ್ಮ.

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲ್ಲಿಗೆ ಫೋನಿತ್ತು. ಗುಲ್ಷನ್ ಅಲ್ಲಿಗೆ ಪ್ಲಗ್ ಚುಚ್ಚಿ ಗಂಟೆ ಬಾರಿಸಿದಳು. ಸಂತೆಯ ಗದ್ದಲದ ಮಧ್ಯೆ ಯಾರೋ ಎತ್ತಿದರು.

"ನಿಯಾಜ್‌ನ ಕರೀರಿ! ಪಕ್ಕದ ಸ್ಟೌ ಅಂಗಡಿ ನಿಯಾಜ್!"

"ಯಾರು? ಜೋರಾಗಿ ಹೇಳಿ."

"ನಿಯಾಜ್! ನಿಯಾಜ್ ಅಹಮದ್!" ಅವಳು ಕಿರುಚಿದಳು. ಗಂಟಲು ಹರಿದುಹೋಗುವಂತೆ ಕಿರುಚಿದಳು.

"ಏನೂ ಕೇಳ್ತಿಲ್ಲ ಕಣಮ್ಮ. ಗೊರಗೊರ ಅಂತೈತೆ" ಎಂದು ಆ ಮನುಷ್ಯ ಫೋನ್ ಇಟ್ಟ.

ಎದೆಯ ಮೇಲೆ ತೂಗುತ್ತಿದ್ದ ಕೊಳವೆಯನ್ನು ಗುಲ್ಷನ್ ನೋಡಿದಳು. ಇಷ್ಟು ದಿನ ತನ್ನ ದನಿಯೇ ಸಾಲದೆಂದು ನಂಬಿದ್ದಳು. ರಿಪೇರಿಗೆ ಒಂದು ಸಲವೂ ಹೇಳಿರಲಿಲ್ಲ. ಬೋರ್ಡು ಬಿಟ್ಟು ಹೋದರೆ ಕೆಲಸ ಹೋಗುತ್ತದೆ. ಸೇರಿದ ದಿನ ಮೊದಲು ಕಲಿಸಿದ ಪಾಠ ಅದೇ. ಮಧುಗಿರಿಯ ತಂತಿ ಇನ್ನೂ ತೆರೆದಿತ್ತು.

"ಅಕ್ಕ, ಬೋರ್ಡು ಬಿಡ್ತಿದೀನಿ."

"ಓಡು" ಎಂದರು ಶಿವರುದ್ರಮ್ಮ. ಗುಲ್ಷನ್ ಕೊಳವೆಯನ್ನು ಕಳಚಿ ಮೇಜಿನ ಮೇಲೆ ಹಾಕಿದಳು.

ಅವಳು ಓಡಿದಳು. ಸಂತೆಯ ದಿನ, ಬೀದಿ ತುಂಬ ಜನ. ಮೆಣಸಿನಕಾಯಿ ಚೀಲಗಳನ್ನು ದಾಟಿ, ಕುರಿ ಹಿಂಡಿನ ನಡುವೆ ನುಗ್ಗಿ, ಜಾರಿದ ಸೆರಗನ್ನು ಎಳೆದುಕೊಳ್ಳುತ್ತ ಓಡಿದಳು. ಊರಿನವರು ನಿಂತು ನೋಡಿದರು; ಕರೀಮ್ ಸಾಬ್‌ರ ಮಗಳು ಹೀಗೆ ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಜನ ಗುಂಪುಗಟ್ಟಿ ನಿಂತಿರುವುದನ್ನು ದೂರದಿಂದಲೇ ಕಂಡಳು.

ನಡೆದದ್ದನ್ನು ನಿಯಾಜ್ ಆಮೇಲೆ ಹೇಳಿದ. ಬಸ್ಸಿನಿಂದ ಖಾಕಿ ಚೀಲ ಹೆಗಲಿಗೆ ಹಾಕಿಕೊಂಡ ಎತ್ತರದ ಮನುಷ್ಯ ಇಳಿದು, ಎಲ್ಲರಿಗೂ ಕೇಳುವಂತೆ, "ಟೆಲಿಫೋನ್ ಆಫೀಸ್ ಎಲ್ಲೈತೆ? ಅಲ್ಲಿ ಕೂರೋ ಹುಡ್ಗಿ ಇವತ್ತು ಬಂದಾಳಾ?" ಎಂದು ಕೇಳಿದ್ದ. ನಿಯಾಜ್ ಅಡ್ಡ ನಿಂತು, "ಅವಳ ಹತ್ರ ನಿನಗೇನು ಕೆಲಸ?" ಎಂದಿದ್ದ. ಆ ಮನುಷ್ಯ "ಅವ್ಳಿಗೆ ಕೊಡೋದೈತೆ. ಸರಿ ಪಕ್ಕಕ್ಕೆ" ಎನ್ನುತ್ತ ಚೀಲದೊಳಗೆ ಕೈ ಹಾಕಿದ್ದ. ಕೈ ಹೊರಗೆ ಬಂದಾಗ ಬಟ್ಟೆ ಸುತ್ತಿದ ಏನೋ, ಅದರ ಜೊತೆ ಸಿಕ್ಕಿಕೊಂಡು ಬಂದ ಸ್ಕ್ರೂಡ್ರೈವರಿನ ಮೊನೆ. ನಿಯಾಜ್‌ಗೆ ಕಂಡದ್ದು ಮೊನೆ ಮಾತ್ರ. ಅವನು ಕಣ್ಣು ಮುಚ್ಚಿಕೊಂಡು ಪಾನಾ ಬೀಸಿದ್ದ.

ಗುಲ್ಷನ್ ಜನರ ಸಂದಿಯಲ್ಲಿ ತೂರಿ ಒಳಗೆ ಹೋದಾಗ ಜುಂಜಪ್ಪ ನೆಲದ ಮೇಲೆ ಕೂತಿದ್ದ. ಹುಬ್ಬಿನ ಮೇಲೆ ಒಡೆದು, ರಕ್ತ ಕಣ್ಣಿಗೆ, ಅಂಗಿಗೆ ಇಳಿಯುತ್ತಿತ್ತು. ನಿಯಾಜ್ ಎರಡು ಹೆಜ್ಜೆ ದೂರದಲ್ಲಿ ಪಾನಾ ಬಿಟ್ಟು, ಎರಡೂ ಕೈ ಬಾಯಿಗೆ ಒತ್ತಿಕೊಂಡು ನಿಂತಿದ್ದ. ಗೆಳೆಯರು ಓಡಿಹೋಗಿದ್ದರು.

"ಯಾರು ಹೊಡೆದದ್ದು?" ಎಂದು ಯಾರೋ ಕೇಳಿದರು.

"ಯಾವ ಬೀದಿಯೋರು?" ಎಂದ ಇನ್ನೊಬ್ಬ.

ಬೀದಿ ಕೇಳುವುದೆಂದರೆ ಜಾತಿ ಕೇಳುವುದೆಂದು ಗುಲ್ಷನ್‌ಗೆ ಗೊತ್ತಿತ್ತು. ಅಷ್ಟರಲ್ಲಿ ಕುರಿ ಮಾರಲು ಬಂದಿದ್ದ ಹಟ್ಟಿಯ ಗಂಡಸರು, ಕಂಬಳಿ ಹೊದ್ದು ಉದ್ದ ಕೋಲು ಹಿಡಿದವರು, ಒಬ್ಬೊಬ್ಬರಾಗಿ ಸೇರುತ್ತಿದ್ದರು. "ನಮ್ಮೋನು ಕಣ್ಲಾ, ಪಾವಗಡದ ಜುಂಜಪ್ಪ!" ಎಂದು ಒಬ್ಬ ಕೂಗಿದ. ಕೋಲುಗಳು ಹತ್ತಿರ ಬಂದವು. ಎದುರು ಬೀದಿಯಿಂದ ನಿಯಾಜ್‌ನ ಪರಿಚಯದ ಅಂಗಡಿಯವರೂ ಕೆಳಗಿಳಿದು ಬರುತ್ತಿದ್ದರು. ಯಾರಾದರೂ ಒಬ್ಬರು ಒಂದು ಹೆಸರು ಹೇಳಿದರೆ ಸಾಕಿತ್ತು.

"ಸಾರ್!" ಎಂದು ಗುಲ್ಷನ್ ಕೂಗಿದಳು. ಅಂಥ ದನಿ ತನ್ನೊಳಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.

ಜುಂಜಪ್ಪ ರಕ್ತ ತುಂಬಿದ ಕಣ್ಣನ್ನು ಒರೆಸಿಕೊಂಡು ತಿರುಗಿದ. ಅವಳ ಮುಖ ಅವನಿಗೆ ಗೊತ್ತಿಲ್ಲ.

"ಸಿರಾ?" ಎಂದ.

"ಹೌದು. ಸಿರಾ" ಎಂದಳು ಅವಳು. "ಅವನು ನಮ್ಮಣ್ಣ." ನಿಯಾಜ್‌ನ ಕಡೆ ಕೈ ತೋರಿಸಿದಳು.

ಜುಂಜಪ್ಪ ನಿಯಾಜ್‌ನನ್ನು ನೋಡಿದ, ನೆಲದ ಮೇಲಿನ ಪಾನಾ ನೋಡಿದ, ಸುತ್ತ ನಿಂತ ಕೋಲುಗಳನ್ನು ನೋಡಿದ. ಆಮೇಲೆ ಮೊಣಕಾಲಿಗೆ ಕೈ ಕೊಟ್ಟು ಎದ್ದು ನಿಂತ. ಗುಂಪನ್ನು ಸೀಳಿಕೊಂಡು ಬಂದ ಪೊಲೀಸಿನವನು, "ಯಾರಯ್ಯ ಹೊಡೆದದ್ದು?" ಎಂದು ಗದರಿದ.

"ಯಾರು ಹೊಡೀತಾರೆ? ಬಸ್ಸಿಂದ ಇಳಿಯೋವಾಗ ಬಿದ್ದೆ." ತಂತಿಯಲ್ಲಿ ಕೇಳಿದ ಅದೇ ದನಿ, ಎದುರಿನಲ್ಲಿ ಇನ್ನೂ ಗಡುಸಾಗಿತ್ತು. "ತಲೆ ನಂದು, ನೋವು ನಂದು. ನಿಮ್ಗೇನ್ ಕಷ್ಟ? ನಡೀರಲೇ! ಓಬಯ್ಯ, ನೀನು ಕುರಿ ಬುಟ್ಟು ಇಲ್ಲೇನ್ ಮಾಡ್ತಿದ್ದೀಯ? ಹೋಗಲೇ!"

ಕೋಲು ಹಿಡಿದ ಓಬಯ್ಯ ಮುಖ ಕಹಿ ಮಾಡಿಕೊಂಡ. "ಸಹಾಯಕ್ಕೆ ಬಂದೋರಿಗೆ ಇಂಗಂತೀಯಾ? ಏನ್ ಕೊಬ್ಬು ಮಿಲಿಟ್ರಿಯೋರಿಗೆ" ಎಂದು ಗೊಣಗುತ್ತ ಹಿಂದಕ್ಕೆ ಸರಿದ. ಅವಮಾನವಾದವರಂತೆ ಉಳಿದವರೂ ಚದುರಿದರು. ಪೊಲೀಸಿನವನು ನಿಯಾಜ್‌ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಬಿದ್ದವನೇ ಬಿದ್ದೆ ಅಂದ ಮೇಲೆ ತನಗೇಕೆಂದು ಹೊರಟುಹೋದ.

ಮೂವರೂ ಎಕ್ಸ್‌ಚೇಂಜಿಗೆ ನಡೆದರು. ನಿಯಾಜ್ ತನ್ನ ಹೆಗಲ ಟವೆಲನ್ನು ಜುಂಜಪ್ಪನ ತಲೆಗೆ ಕಟ್ಟಿದ್ದ. ಗಂಟು ಎರಡು ಸಲ ಬಿಚ್ಚಿಹೋಗಿತ್ತು. ಡಾಕ್ಟರ ಹತ್ತಿರ ಹೋಗೋಣ ಎಂದರೆ ಜುಂಜಪ್ಪ "ಆಮ್ಯಾಕೆ" ಎಂದ.

ಬೋರ್ಡಿನ ಬಿಲ್ಲೆಗಳೆಲ್ಲ ಬಿದ್ದು ನೇತಾಡುತ್ತಿದ್ದವು. ಅಷ್ಟೂ ಜನ ಕರೆದು ಕರೆದು ಬೇಸತ್ತಿದ್ದರು. ಗುಲ್ಷನ್ ಅದನ್ನು ನೋಡಿ ಬಾಗಿಲಲ್ಲೇ ನಿಂತಳು. ಜುಂಜಪ್ಪ ಮಾತ್ರ ನೇರ ಮೇಜಿನ ಹತ್ತಿರ ಹೋಗಿ, ಅವಳ ಕೊಳವೆಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. "ಒಳಗಿರೋ ಇದ್ದಿಲು ಪುಡಿ ಗಟ್ಟಿಯಾಗೈತೆ. ನೀನು ಒದ್ದಾಡಿದ್ರೂ ಅಷ್ಟೇ" ಎಂದು, ಕರ್ಚೀಫು ಬಿಚ್ಚಿ, ತಾನು ತಂದ ಇದ್ದಿಲು ಪುಡಿಯ ಡಬ್ಬಿಯನ್ನು ಅದರೊಳಗೆ ಕೂರಿಸತೊಡಗಿದ.

"ನೀವು ಬರ್ತೀನಿ ಅಂದಾಗ ನನಗೆ ಬಹಳ ಭಯ ಆಯ್ತು" ಎಂದಳು ಗುಲ್ಷನ್. "ಹೊಡೆಯೋಕೆ ಬರ್ತೀರಾ ಅಂದ್ಕೊಂಡೆ."

ಅವನ ಕೈ ನಿಂತಿತು. "ನಾನಾ? ನಿನ್ನನ್ನಾ?" ಎಂದು, ಕೊಳವೆಯನ್ನು ಕೆಳಗಿಟ್ಟ. "ನಮ್ಮ ಹಟ್ಟೀಲಿ ಎಲ್ರನ್ನೂ ನೀನು ಅಂತಾನೇ ಕರಿಯೋದು. ಬೆಟ್ಟದ ಮೇಲಿಂದ ಕೂಗಿದ್ರೆ ಕೆಳಗಿನ ಕುರಿಗೆ ಕೇಳ್ಬೇಕು. ಅಲ್ಲಿ ಮಿಲಿಟ್ರೀಲಿ, ಹೆಸರು ಹೇಳ್ಬಾರದು, ಸುಮ್ನೆ ಮಾತಾಡ್ಬಾರದು, ಕೆಲ್ಸ ಮುಗೀತಾ, ತಂತಿ ಬುಡು. ಇಲ್ಲಿ ನೀವು ಮೂರು ಜನ ನಗಾಡೋದು ಒಂದೊಂದ್ಸಲ ಕೇಳಿಸ್ತಿತ್ತು. ನಾನು ಬಾಯಿ ತೆಗುದ್ರೆ ಎಲ್ಲ ಸುಮ್ಕಾಗಿಬುಡ್ತಿದ್ರಿ. ಏನ್ ತಪ್ಪು ಮಾಡಿದೆ ಅಂತ ಗೊತ್ತಾಗ್ಲಿಲ್ಲ. ಬೆಳಗ್ಗೆ ಎದ್ದು ಆ ಬೋರ್ಡಿನ ಮುಂದೆ ಕೂರಕ್ಕೇ ನಂಗೂ ಭಯ ಆಗ್ತಿತ್ತು ಕಣಮ್ಮ."

ನಿಯಾಜ್ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಅಳುತ್ತಿದ್ದ. "ಅಣ್ಣ, ನಾನು..." ಎಂದ.

"ನೀನು ಚೆನ್ನಾಗಿ ಹೊಡೀತೀಯ. ಸಾಕು" ಎಂದ ಜುಂಜಪ್ಪ. ಅದು ಕ್ಷಮೆಯೋ ಚುಚ್ಚುಮಾತೋ ಅಣ್ಣ ತಂಗಿ ಇಬ್ಬರಿಗೂ ತಿಳಿಯಲಿಲ್ಲ.

ಅವನ ಹುಬ್ಬಿಗೆ ಹೊಲಿಗೆ ಬಿತ್ತು. ಗುಲ್ಷನ್ ಬೋರ್ಡು ಬಿಟ್ಟು ಹೋದ ಸುದ್ದಿ ಮೇಲಿನವರೆಗೂ ಹೋಯಿತು. ಎಣ್ಣೆ ಗಾಣದವರೇ ದೂರು ಕೊಟ್ಟಿದ್ದರು. ತುಮಕೂರಿನಿಂದ ಅಧಿಕಾರಿ ಬಂದು ವಿಚಾರಣೆ ಮಾಡಿದ ದಿನ ಅವಳು ಇನ್ನು ಕೆಲಸ ಉಳಿಯದೆಂದೇ ಮನೆಯಿಂದ ಹೊರಟಿದ್ದಳು. ಶಿವರುದ್ರಮ್ಮ ರಜೆ ಹಾಕಿ ಮಧುಗಿರಿಯಿಂದ ಬಂದು, "ನಾನು ಓಡು ಅಂದೆ, ಅವಳು ಓಡಿದಳು. ಮಧ್ಯಾಹ್ನ ತಂತಿ ಸೇರಿಸಿ, ಹೊಸಬನನ್ನ ದೂರ ಇಟ್ಟವಳೂ ನಾನೇ. ಶಿಕ್ಷೆ ಕೊಡೋದಾದ್ರೆ ನನಗೆ ಕೊಡಿ" ಎಂದರು. ಅಧಿಕಾರಿ ಇಬ್ಬರಿಗೂ ಎಚ್ಚರಿಕೆ ಕೊಟ್ಟ. ಮಧ್ಯಾಹ್ನ ತಂತಿ ಸೇರಿಸುವುದನ್ನು ಕಡ್ಡಾಯವಾಗಿ ನಿಲ್ಲಿಸಬೇಕೆಂದ. ಕೆಲವು ವಾರ ನಿಂತಿತು. ಆಮೇಲೆ ಒಂದು ದಿನ ಶಿವರುದ್ರಮ್ಮ ಸದ್ದಿಲ್ಲದೆ ನಾಲ್ಕನ್ನೂ ಸೇರಿಸಿದರು. ಈ ಸಲ ಪಾವಗಡವೂ ಇತ್ತು.

ಸಣ್ಣರಂಗಯ್ಯ ಮೊದಲು ಮಾತಾಡಿದ. "ಆವತ್ತು ಕೈ ಮುರಿದ ವಿಷಯ ನಾನೇ ಕಟ್ಟಿದ್ದು. ತಮಾಷೆಗೆ ಅಂದೆ. ಗುಲ್ಷನ್ ನಂಬ್ತಾಳೆ ಅಂತ ದೇವರಾಣೆಗೂ ಅಂದ್ಕೊಂಡಿರ್ಲಿಲ್ಲ."

"ನಿಮ್ಮ ಮುಖ ಕಾಣ್ತಿದ್ರೆ ನಂಬ್ತಿರ್ಲಿಲ್ಲ ರಂಗಣ್ಣ" ಎಂದಳು ಗುಲ್ಷನ್.

ಯಾರೂ ನಗಲಿಲ್ಲ. ಸಣ್ಣರಂಗಯ್ಯ ಅಂದಿನಿಂದ ಬುರುಡೆ ಬಿಡುವುದನ್ನೇ ನಿಲ್ಲಿಸಿದ. ಅವನು ಸುಮ್ಮನಾದದ್ದೂ ಎಲ್ಲರಿಗೂ ಕಷ್ಟವೇ ಆಯಿತು. ಮಾತು ಮತ್ತೆ ಸಲೀಸಾಗಲು ಮಳೆಗಾಲ ಮುಗಿಯಬೇಕಾಯಿತು. ಜುಂಜಪ್ಪನ ದನಿ ಬದಲಾಗಲಿಲ್ಲ. "ಸಿರಾ! ಕೊಡು!" ಎಂದು ಅವನು ಗರ್ಜಿಸಿದಾಗ ಗುಲ್ಷನ್‌ಳ ಮೈ ಈಗಲೂ ಒಮ್ಮೆ ಬೆಚ್ಚುತ್ತಿತ್ತು. ಗೊತ್ತಿದ್ದೂ ಬೆಚ್ಚುತ್ತಿತ್ತು. ಆಮೇಲೆ ಅವಳೂ ಅಷ್ಟೇ ಜೋರಾಗಿ "ಬ್ಯುಸಿ!" ಎನ್ನುತ್ತಿದ್ದಳು.

ನಿಯಾಜ್‌ನ ಭಯ ಇನ್ನೂ ತಡವಾಗಿ ಹೋಯಿತು. ಸಂತೆಯ ದಿನ ಕಂಬಳಿ ಹೊದ್ದವರು ಅಂಗಡಿಗೆ ಬೀಗ ತಂದರೆ ಅವನು ತಲೆ ಎತ್ತದೆ ಕೆಲಸ ಮಾಡುತ್ತಿದ್ದ. ಅವರಿಗೆ ಏನೂ ಗೊತ್ತಿರಲಿಲ್ಲ.

ದೀಪಾವಳಿ ಆದಮೇಲೆ ಒಂದು ಮಂಗಳವಾರ ಜುಂಜಪ್ಪನೇ ಅಂಗಡಿಯ ಮುಂದೆ ಬಂದು ನಿಂತ. ಹುಬ್ಬಿನ ಮೇಲೆ ಗಾಯದ ಬಿಳಿ ಗೆರೆ. ಕೆಟ್ಟ ಸ್ಟೌ ಒಂದನ್ನು ಧಡ್ಡೆಂದು ಹಲಗೆಯ ಮೇಲಿಟ್ಟು, "ಬೇಗ ಮಾಡು" ಎಂದ.

ನಿಯಾಜ್ ಬರ್ನರ್ ಬಿಚ್ಚಿದ. ಸ್ಕ್ರೂ ಕೈಜಾರಿ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು.

"ಬೇಗ ಅಂದೆ!"

ನಿಯಾಜ್ ಕೆಲಸ ನಿಲ್ಲಿಸಿ, ಧೈರ್ಯ ಮಾಡಿ ತಲೆ ಎತ್ತಿ ಕೇಳಿದ. "ನನ್ನ ಮೇಲೆ ಕೋಪಾನಾ ಅಣ್ಣ?"

ಜುಂಜಪ್ಪ ಅವನನ್ನೇ ದಿಟ್ಟಿಸಿದ. ಆಮೇಲೆ ಬಸ್ ಸ್ಟ್ಯಾಂಡಿನ ಕಡೆ ಕೈ ತೋರಿಸಿ ಅಂದ:

"ಬಸ್ಸು ಹೊರಡ್ತೈತೆ ಕಣಪ್ಪ."